ಪಾರ್ಕಿನ ಬೆಂಚಿನಿಂದ ಆ್ಯಪ್‌ವರೆಗೆ: ಕಾನೂನು ಬದಲಾದರೂ ಸಲಿಂಗಿ ಪುರುಷರಿಗೆ ಬ್ಲ್ಯಾಕ್‌ಮೇಲ್ ಭಯ ಏಕೆ ತಪ್ಪಿಲ್ಲ?

ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯ. ಒಂದೆರಡು ದಿನ ಚಾಟ್. ಆಮೇಲೆ 'ಮನೆಗೆ ಬಾ' ಎಂಬ ಕರೆ. ಹೋದವನಿಗೆ ಅಲ್ಲಿ ಒಬ್ಬನ ಬದಲು ಮೂರ್ನಾಲ್ಕು ಜನ ಎದುರಾಗುತ್ತಾರೆ. ಮೊಬೈಲ್ ಕಸಿದುಕೊಂಡು, ಬಟ್ಟೆ ಬಿಚ್ಚಿಸಿ ವಿಡಿಯೊ ಮಾಡಿ, ಯುಪಿಐ ಮೂಲಕ ಖಾತೆಯಲ್ಲಿದ್ದ ಹಣವನ್ನೆಲ್ಲ ವರ್ಗಾಯಿಸಿಕೊಳ್ಳುತ್ತಾರೆ. 'ಪೊಲೀಸರ ಹತ್ತಿರ ಹೋದರೆ ವಿಡಿಯೊ ನಿನ್ನ ಅಪ್ಪನಿಗೆ, ಆಫೀಸಿಗೆ ಹೋಗುತ್ತದೆ' ಎಂದು ಬೆದರಿಸಿ ಕಳಿಸುತ್ತಾರೆ.

ದೆಹಲಿ ಸುತ್ತಮುತ್ತಲ ನಗರಗಳಿಂದ ಹಿಡಿದು ಮುಂಬೈವರೆಗೆ ಕಳೆದ ಕೆಲವು ವರ್ಷಗಳಲ್ಲಿ ವರದಿಯಾದ ಸುಲಿಗೆ ಪ್ರಕರಣಗಳ ಸ್ವರೂಪ ಹೆಚ್ಚೂಕಡಿಮೆ ಹೀಗೇ ಇದೆ. ಪೊಲೀಸರು ಇಂತಹ ಗ್ಯಾಂಗ್‌ಗಳನ್ನು ಬಂಧಿಸಿದ ಸುದ್ದಿ ಆಗಾಗ ಬರುತ್ತದೆ. ಬಂಧನದ ನಂತರ ನಡೆಯುವ ವಿಚಾರಣೆಯಲ್ಲಿ ಹೊರಬೀಳುವ ಇನ್ನೊಂದು ಸಂಗತಿಯೆಂದರೆ, ಅದೇ ಗ್ಯಾಂಗ್‌ನಿಂದ ಹಣ ಕಳೆದುಕೊಂಡ ಇತರರು ದೂರು ಕೊಟ್ಟೇ ಇರುವುದಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ವಯಸ್ಕರ ನಡುವಿನ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿದ್ದು 2018ರ ಸೆಪ್ಟೆಂಬರ್ 6ರಂದು. ಐಪಿಸಿಯ ಜಾಗಕ್ಕೆ 2024ರ ಜುಲೈ 1ರಂದು ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ನೇ ಸೆಕ್ಷನ್‌ಗೆ ಸಮನಾದ ಕಲಮೇ ಇಲ್ಲ. ಹಾಗಿದ್ದೂ ಬೆದರಿಕೆಗೆ ಇಷ್ಟು ಬಲ ಎಲ್ಲಿಂದ ಬಂತು?

ಉತ್ತರಕ್ಕಾಗಿ ಆ್ಯಪ್‌ಗಳು ಬರುವ ಮೊದಲಿನ ದಿನಗಳನ್ನು ನೋಡಬೇಕು. ಸಲಿಂಗಿ ಪುರುಷರು ಎಲ್ಲಿ ಸೇರುತ್ತಿದ್ದರು, ಒಬ್ಬರನ್ನೊಬ್ಬರು ಹೇಗೆ ಗುರುತಿಸುತ್ತಿದ್ದರು, ಅಪಾಯದ ಸುಳಿವನ್ನು ಹೇಗೆ ಕೊಡುತ್ತಿದ್ದರು ಎಂಬುದು ಬರೀ ಹಳೆಯ ಕುತೂಹಲದ ಕಥೆಯಲ್ಲ. ಆ ವ್ಯವಸ್ಥೆಯಲ್ಲಿ ಇದ್ದದ್ದೇನು, ಈಗ ಇಲ್ಲದ್ದೇನು ಎಂಬುದರಲ್ಲಿ ಇಂದಿನ ಸಮಸ್ಯೆಯ ಒಂದು ಭಾಗ ಅಡಗಿದೆ.

ಪಾರ್ಕ್, ಪ್ಲಾಟ್‌ಫಾರ್ಮ್, ಸಮುದ್ರ ತೀರ

ದೊಡ್ಡ ನಗರಗಳಲ್ಲಿ ಇಂತಹ ಜಾಗಗಳು ಇದ್ದೇ ಇದ್ದವು. ದೆಹಲಿಯ ಕನ್ನಾಟ್ ಪ್ಲೇಸ್‌ನ ಸೆಂಟ್ರಲ್ ಪಾರ್ಕ್, ಬೆಂಗಳೂರಿನ ಕಬ್ಬನ್ ಪಾರ್ಕ್, ಮುಂಬೈನ ಚೌಪಾಟಿ, ಗೇಟ್‌ವೇ ಆಫ್ ಇಂಡಿಯಾ ಬಳಿಯ ಸಮುದ್ರದ ಕಟ್ಟೆ, ಲೋಕಲ್ ರೈಲು ನಿಲ್ದಾಣಗಳು ಇವುಗಳಲ್ಲಿ ಕೆಲವು. ಪುಣೆ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ಆರ್. ರಾಜ್ ರಾವ್ ಅವರ 2003ರ ಕಾದಂಬರಿ 'ದಿ ಬಾಯ್‌ಫ್ರೆಂಡ್' ಶುರುವಾಗುವುದೇ ಚರ್ಚ್‌ಗೇಟ್ ನಿಲ್ದಾಣದ ಶೌಚಾಲಯದಲ್ಲಿ. ಕಥೆ ನಡೆಯುವ ಕಾಲ 1990ರ ದಶಕದ ಮುಂಬೈ.

ಇವೆಲ್ಲ ಸಾರ್ವಜನಿಕ ಜಾಗಗಳೇ ಆಗಿದ್ದಕ್ಕೆ ಕಾರಣ ಸರಳ. ಖಾಸಗಿ ಜಾಗ ಯಾರಿಗೂ ಇರಲಿಲ್ಲ. ಮದುವೆಯಾಗುವವರೆಗೆ ಅಪ್ಪ-ಅಮ್ಮನ ಜೊತೆ ಇರುವುದು, ಕೆಲಸಕ್ಕೆ ಊರು ಬಿಟ್ಟು ಬಂದರೆ ಒಂದೇ ಖೋಲಿಯಲ್ಲಿ ನಾಲ್ಕೈದು ಜನ ಮಲಗುವುದು, ಲಾಡ್ಜ್‌ಗೆ ಹೋದರೆ ಮ್ಯಾನೇಜರ್‌ನ ಅನುಮಾನದ ನೋಟ. ಇಂತಹ ಸ್ಥಿತಿಯಲ್ಲಿ ಪಾರ್ಕಿನ ಬೆಂಚು ಯಾರನ್ನೂ 'ನೀನ್ಯಾಕೆ ಬಂದೆ' ಎಂದು ಕೇಳುತ್ತಿರಲಿಲ್ಲ. ಸಂಜೆ ಗಾಳಿಗೆ ಕೂತವರು, ರೈಲಿಗೆ ಕಾಯುವವರು, ಸುಮ್ಮನೆ ತಿರುಗಾಡುವವರ ನಡುವೆ ಇವರೂ ಒಬ್ಬರು.

ಇನ್ನೊಂದು ಸಂಗತಿ: ಈ ಜಾಗಗಳಲ್ಲಿ ಕಾರಿನಲ್ಲಿ ಬಂದವನೂ ಇರುತ್ತಿದ್ದ, ಹೋಟೆಲ್‌ನಲ್ಲಿ ಕೆಲಸ ಮುಗಿಸಿ ಬಂದವನೂ ಇರುತ್ತಿದ್ದ. ಇಂಗ್ಲಿಷ್ ಬರಬೇಕೆಂಬ ನಿಯಮ ಇರಲಿಲ್ಲ. ಆದರೆ ಈ ಮುಕ್ತತೆ ಗಂಡಸರಿಗಷ್ಟೇ ಸೀಮಿತ. ಕತ್ತಲಾದ ಮೇಲೆ ಪಾರ್ಕಿನಲ್ಲಿ ಕೂರುವ ಸ್ವಾತಂತ್ರ್ಯವೇ ಇಲ್ಲದ ಹೆಣ್ಣುಮಕ್ಕಳಲ್ಲಿ, ಹೆಣ್ಣನ್ನೇ ಪ್ರೀತಿಸುವವರಿಗೆ ಇಂತಹ ಒಂದು ಜಾಗವೂ ಇರಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಸಂಕೇತ ಮಾಡುತ್ತಿದ್ದ ಮೂರು ಕೆಲಸ

ಜಾಗ ಸಿಕ್ಕರೆ ಸಾಲದು, ಪಕ್ಕದಲ್ಲಿ ಕೂತವನು ಯಾರು ಎಂದು ತಿಳಿಯಬೇಕು. ನೇರವಾಗಿ ಕೇಳಿದರೆ ಏಟು ಬೀಳಬಹುದು, ಪೊಲೀಸ್ ಠಾಣೆಗೂ ಹೋಗಬೇಕಾಗಬಹುದು. ಆದ್ದರಿಂದಲೇ ಸಂಕೇತಗಳು ಹುಟ್ಟಿದವು. ಒಂದು ಕ್ಷಣ ಹೆಚ್ಚು ನಿಲ್ಲುವ ನೋಟ, ಟೈಮ್ ಎಷ್ಟಾಯಿತು ಎಂಬ ಪ್ರಶ್ನೆ, ಬೆಂಕಿಪೊಟ್ಟಣ ಕೇಳುವುದು ಇವೆಲ್ಲ ಜಗತ್ತಿನ ಬಹುತೇಕ ನಗರಗಳಲ್ಲಿ ಬಳಕೆಯಲ್ಲಿದ್ದವು. ಎದುರಿನವನು ಬರೀ ಟೈಮ್ ಹೇಳಿ ಮುಖ ತಿರುಗಿಸಿದರೆ ಮಾತು ಅಲ್ಲಿಗೆ ಮುಗಿಯಿತು. ಯಾರ ಮಾನವೂ ಹೋಗಲಿಲ್ಲ.

ಪದಗಳ ವಿಷಯಕ್ಕೆ ಬಂದರೆ ಭಾರತದಲ್ಲಿ ಹೆಚ್ಚು ಕೇಳಿಬರುವುದು 'ಕೋಥಿ' ಮತ್ತು 'ಪಂಥಿ'. ಹೆಣ್ಣಿನ ನಡೆನುಡಿಯುಳ್ಳ ಪುರುಷ ಕೋಥಿ, ಅವನ ಗಂಡಸು ಜೊತೆಗಾರ ಪಂಥಿ. ಕನ್ನಡದ ಕಿವಿಗೆ ಮೊದಲ ಪದ 'ಕೋತಿ' ಎಂದೇ ಕೇಳಿಸುತ್ತದೆ. ಹೊರಗಿನವನು ಕೇಳಿಸಿಕೊಂಡರೂ ಯಾರೋ ಯಾರನ್ನೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳಬಹುದು. ಬಂಗಾಳದಲ್ಲಿ ಇದೇ ಅರ್ಥಕ್ಕೆ 'ಧುರಾನಿ' ಎಂಬ ಪದವಿದೆ. ಹಿಜ್ರಾ ಸಮುದಾಯದಲ್ಲಿ ಪೂರ್ಣ ಪ್ರಮಾಣದ ಗುಪ್ತ ನುಡಿಯೇ ಇದೆ. ಕೆಲವೆಡೆ ಅದನ್ನು 'ಫಾರ್ಸಿ' ಎಂದೂ ಕೆಲವೆಡೆ 'ಉಲ್ಟಿ' ಎಂದೂ ಕರೆಯುತ್ತಾರೆ. ಹೆಸರು ಫಾರ್ಸಿಯಾದರೂ ಇರಾನಿನ ಪಾರ್ಸಿ ಭಾಷೆಗೂ ಇದಕ್ಕೂ ಸಂಬಂಧ ಇಲ್ಲ. ವಾಕ್ಯದ ಕಟ್ಟು ಹಿಂದಿ-ಉರ್ದುವಿನದು, ಪದಗಳು ಮಾತ್ರ ಒಳಗಿನವರದು.

ಲಂಡನ್‌ನಲ್ಲಿ ಇದೇ ಕೆಲಸವನ್ನು ಮಾಡಿದ್ದು 'ಪೊಲಾರಿ'. ನಾಟಕ ಮಂಡಳಿ, ಸರ್ಕಸ್, ಹಡಗಿನ ಕೆಲಸಗಾರರ ಬಾಯಿಂದ ಬಂದ, ಇಟಾಲಿಯನ್, ರೊಮಾನಿ, ಯಿಡ್ಡಿಶ್ ಪದಗಳು ಬೆರೆತ ನುಡಿ ಇದು. 'ಬೋನಾ' ಎಂದರೆ ಒಳ್ಳೆಯದು, 'ವಾಡಾ' ಎಂದರೆ ನೋಡು, 'ಓಮಿ' ಎಂದರೆ ಗಂಡಸು. ಪೊಲೀಸರಿಗೆ 'ಲಿಲಿ ಲಾ' ಎಂಬ ಹೆಸರು. ಹೋಟೆಲ್‌ನಲ್ಲಿ ಹತ್ತು ಜನರ ನಡುವೆ ಕೂತು 'ಪೊಲೀಸ್ ಬಂದ' ಎಂದು ಹೇಳಬಹುದಿತ್ತು, ಉಳಿದ ಒಂಬತ್ತು ಜನರಿಗೆ ಗೊತ್ತಾಗುತ್ತಿರಲಿಲ್ಲ.

ಹೀಗೆ ಸಂಕೇತಗಳು ಮಾಡುತ್ತಿದ್ದ ಕೆಲಸ ಮೂರು. ಮೊದಲನೆಯದು ಗುರುತಿಸುವುದು. ಎರಡನೆಯದು, ತಪ್ಪು ವ್ಯಕ್ತಿಯ ಮುಂದೆ ಮಾತಾಡಿದ್ದರೆ 'ನಾನು ಹಾಗೆ ಹೇಳಲೇ ಇಲ್ಲ' ಎಂದು ಜಾರಿಕೊಳ್ಳುವ ಅವಕಾಶ. ಮೂರನೆಯದು ಎಚ್ಚರಿಕೆ. ಇಂದಿನ ಚರ್ಚೆಗೆ ಮುಖ್ಯವಾದದ್ದು ಈ ಮೂರನೆಯದು. ನಿತ್ಯ ಒಂದೇ ಪಾರ್ಕಿಗೆ ಬರುವ ಹಳಬರಿಗೆ ಯಾವ ಪೊಲೀಸ್ ಪೇದೆ ಹಣ ಕೇಳುತ್ತಾನೆ, ಯಾವ ಹುಡುಗ ದೋಚುವವರ ಕಡೆಯವನು ಎಂಬುದು ಗೊತ್ತಿರುತ್ತಿತ್ತು. ಹೊಸಬನಿಗೆ ಒಂದು ಮಾತಿನಲ್ಲಿ ಅದು ತಲುಪುತ್ತಿತ್ತು.

'ಬ್ಲ್ಯಾಕ್‌ಮೇಲ್ ಮಾಡುವವರ ಸನ್ನದು'

ಅಪಾಯ ಎಲ್ಲಿಂದ ಬರುತ್ತಿತ್ತು ಎಂಬುದಕ್ಕೆ ಕಾನೂನಿನ ಪುಸ್ತಕವೇ ಸಾಕ್ಷಿ. ಬ್ರಿಟನ್‌ನಲ್ಲಿ 1885ರಲ್ಲಿ ಪುರುಷರ ನಡುವಿನ 'ಅಸಭ್ಯ ವರ್ತನೆ'ಯನ್ನು ಅಪರಾಧ ಮಾಡುವ ತಿದ್ದುಪಡಿ ಬಂತು. ಸಾಹಿತಿ ಆಸ್ಕರ್ ವೈಲ್ಡ್ 1895ರಲ್ಲಿ ಜೈಲಿಗೆ ಹೋಗಿದ್ದು ಇದೇ ಕಲಮಿನ ಅಡಿ. ಜನ ಆ ಕಾನೂನಿಗೆ ಇಟ್ಟ ಅಡ್ಡಹೆಸರು 'ಬ್ಲ್ಯಾಕ್‌ಮೇಲ್ ಮಾಡುವವರ ಸನ್ನದು'. 1961ರ ಬ್ರಿಟಿಷ್ ಚಿತ್ರ 'ವಿಕ್ಟಿಮ್' ಕೂಡ ಸಲಿಂಗಿಗಳನ್ನು ಹೆದರಿಸಿ ಹಣ ಕೀಳುವ ಜಾಲದ ಕಥೆಯೇ. 1957ರಲ್ಲಿ ವುಲ್ಫೆಂಡನ್ ಸಮಿತಿ ಶಿಫಾರಸು ಮಾಡಿ ಹತ್ತು ವರ್ಷದ ನಂತರ, 1967ರಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಾನೂನು ಸಡಿಲವಾಯಿತು.

ಭಾರತಕ್ಕೆ 377ನೇ ಸೆಕ್ಷನ್ ಬಂದಿದ್ದು 1860ರ ದಂಡ ಸಂಹಿತೆಯೊಂದಿಗೆ. ಅದೇ ಸಂಹಿತೆಯ 388 ಮತ್ತು 389ನೇ ಸೆಕ್ಷನ್‌ಗಳನ್ನು ಗಮನಿಸಬೇಕು. 'ನಿನ್ನ ಮೇಲೆ ಇಂತಹ ಅಪರಾಧದ ಆರೋಪ ಹೊರಿಸುತ್ತೇನೆ' ಎಂದು ಹೆದರಿಸಿ ಸುಲಿಗೆ ಮಾಡುವವರಿಗೆ ಶಿಕ್ಷೆ ಹೇಳುವ ಕಲಮುಗಳು ಅವು. ಹೆದರಿಸಲು ಬಳಸಿದ ಆರೋಪ 377ರದ್ದಾಗಿದ್ದರೆ ಸುಲಿಗೆಕೋರನಿಗೆ ಜೀವಾವಧಿವರೆಗೆ ಶಿಕ್ಷೆ ವಿಧಿಸಬಹುದು ಎಂದು ಅಲ್ಲಿ ಪ್ರತ್ಯೇಕವಾಗಿ ಬರೆದಿತ್ತು. ಅಂದರೆ 377 ಬ್ಲ್ಯಾಕ್‌ಮೇಲ್‌ಗೆ ಆಯುಧವಾಗುತ್ತದೆ ಎಂಬುದು ಅದನ್ನು ಬರೆದವರಿಗೇ ಗೊತ್ತಿತ್ತು. ಆದರೂ ಆಯುಧವನ್ನು ಉಳಿಸಿಕೊಂಡು, ಅದನ್ನು ದುರ್ಬಳಕೆ ಮಾಡಿದವರಿಗೆ ಶಿಕ್ಷೆ ಹೆಚ್ಚಿಸಿದರು. ತಾನೇ 377ರ ಆರೋಪಿಯಾಗುವ ಭಯ ಇರುವಾಗ ಸುಲಿಗೆಯ ದೂರು ಕೊಡಲು ಯಾರು ತಾನೇ ಠಾಣೆಗೆ ಹೋಗುತ್ತಾರೆ?

2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ 377ನ್ನು ಎತ್ತಿಹಿಡಿದಾಗ ಕೊಟ್ಟ ಕಾರಣಗಳಲ್ಲಿ ಒಂದು, 150 ವರ್ಷಗಳಲ್ಲಿ ವರದಿಯಾದ ಪ್ರಕರಣಗಳ ಪ್ರಕಾರ 200ಕ್ಕೂ ಕಡಿಮೆ ಜನರ ಮೇಲೆ ಮೊಕದ್ದಮೆ ನಡೆದಿದೆ ಎಂಬುದು. ಇದೇ ಪ್ರಕರಣದಲ್ಲಿ ಸಲಿಂಗಿ ಪುರುಷರ ಸಂಖ್ಯೆ ಸುಮಾರು 25 ಲಕ್ಷ ಎಂದು ಸರ್ಕಾರ ಅಂದಾಜು ಕೊಟ್ಟಿತ್ತು. ಮೊಕದ್ದಮೆಗಳು ಕಡಿಮೆ ಇದ್ದದ್ದು ನಿಜ. ಆದರೆ ಈ ಕಾನೂನಿನ ನಿಜವಾದ ಬಳಕೆ ನಡೆಯುತ್ತಿದ್ದುದು ಕೋರ್ಟ್‌ನಲ್ಲಲ್ಲ. ಪಾರ್ಕಿನ ಗೇಟಿನ ಬಳಿ, ಲಾಠಿ ಹಿಡಿದವನ ಮುಂದೆ ಅದು ನಡೆಯುತ್ತಿತ್ತು. ಜೇಬಿನಲ್ಲಿದ್ದ ಹಣ, ಕೈಗಡಿಯಾರ, ಉಂಗುರ ಕೊಟ್ಟು ಬಿಡಿಸಿಕೊಂಡವರ ಲೆಕ್ಕ ಯಾವ ತೀರ್ಪಿನಲ್ಲೂ ಸೇರುವುದಿಲ್ಲ. ಪಿಯುಸಿಎಲ್‌ನ ಕರ್ನಾಟಕ ಘಟಕ 2001ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯದ ಕುರಿತು ಹೊರತಂದ ವರದಿ ಬೆಂಗಳೂರಿನಲ್ಲಿ ನಡೆಯುತ್ತಿದ್ದ ಇಂತಹ ಪೊಲೀಸ್ ಸುಲಿಗೆ, ಬೈಗುಳ, ಹೊಡೆತಗಳನ್ನು ದಾಖಲಿಸಿದೆ.

ಕತ್ತಲ ಜಾಗದಿಂದ ಬೀದಿಗೆ ಬಂದ ಹೋರಾಟ

ಭಾರತದಲ್ಲಿ ಸಲಿಂಗಿಗಳ ಹಕ್ಕಿನ ಹೋರಾಟದ ಕಥೆಯನ್ನು ಸಾಮಾನ್ಯವಾಗಿ ಕೋರ್ಟ್‌ಗಳಿಂದ ಹೇಳುವುದು ವಾಡಿಕೆ. ಆದರೆ ಅದು ಶುರುವಾಗಿದ್ದು ಪಾರ್ಕಿನಿಂದ. ಸೆಂಟ್ರಲ್ ಪಾರ್ಕ್‌ನಿಂದ ಪುರುಷರನ್ನು ಪೊಲೀಸರು ಹಿಡಿದೊಯ್ದಿದ್ದನ್ನು ಖಂಡಿಸಿ ಎಬಿವಿಎ ಎಂಬ ಸಂಘಟನೆ 1992ರ ಆಗಸ್ಟ್ 11ರಂದು ದೆಹಲಿ ಪೊಲೀಸ್ ಕೇಂದ್ರ ಕಚೇರಿಯ ಮುಂದೆ ಪ್ರತಿಭಟನೆ ನಡೆಸಿತು. ಸಲಿಂಗಿಗಳ ಹಕ್ಕಿಗಾಗಿ ದೇಶದಲ್ಲಿ ನಡೆದ ಮೊದಲ ಬಹಿರಂಗ ಪ್ರತಿಭಟನೆ ಎಂದು ಇದನ್ನು ಗುರುತಿಸಲಾಗುತ್ತದೆ. 377ರ ವಿರುದ್ಧ 1994ರಲ್ಲಿ ದೆಹಲಿ ಹೈಕೋರ್ಟ್‌ಗೆ ಹೋದದ್ದೂ ಇದೇ ಸಂಘಟನೆ. ತಿಹಾರ್ ಜೈಲಿನಲ್ಲಿ ಕಾಂಡೋಮ್ ವಿತರಣೆಗೆ ಅವಕಾಶ ಸಿಗದಿದ್ದುದು ಆ ಅರ್ಜಿಯ ಹಿನ್ನೆಲೆ.

ಮುಂಬೈನಲ್ಲಿ ಪತ್ರಕರ್ತ ಅಶೋಕ್ ರಾವ್ ಕವಿ 1990ರಲ್ಲಿ 'ಬಾಂಬೆ ದೋಸ್ತ್' ಪತ್ರಿಕೆ ಶುರು ಮಾಡಿದರು. ಪಾರ್ಕಿಗೆ ಹೋಗಲಾಗದ, ಸಣ್ಣ ಊರುಗಳಲ್ಲಿದ್ದವರಿಗೆ ಪತ್ರ ಬರೆಯಲು ಒಂದು ವಿಳಾಸ ಸಿಕ್ಕಿತು. 1994ರಲ್ಲಿ ಹಮ್‌ಸಫರ್ ಟ್ರಸ್ಟ್ ಹುಟ್ಟಿತು. ಮುಂಬೈ ಮಹಾನಗರ ಪಾಲಿಕೆ ಸಾಂತಾಕ್ರೂಜ್‌ನ ವಾಕೋಲಾದಲ್ಲಿ ತನ್ನ ಕಟ್ಟಡದಲ್ಲೇ ಅದಕ್ಕೆ ಜಾಗ ಕೊಟ್ಟಿತು. ಇದರ ಹಿಂದಿದ್ದ ಮುಖ್ಯ ಕಾರಣ ಎಚ್‌ಐವಿ. ರೋಗ ತಡೆಯಬೇಕಾದರೆ ಈ ಪುರುಷರು ಎಲ್ಲಿ ಸೇರುತ್ತಾರೋ ಅಲ್ಲಿಗೇ ಆರೋಗ್ಯ ಕಾರ್ಯಕರ್ತರು ಹೋಗಬೇಕಿತ್ತು. ಒಂದೇ ಪಾರ್ಕಿನಲ್ಲಿ ಸರ್ಕಾರದ ಒಂದು ಇಲಾಖೆಯ ನೆರವಿನಿಂದ ಕಾಂಡೋಮ್ ಹಂಚುವವರು, ಇನ್ನೊಂದು ಇಲಾಖೆಯಿಂದ ಲಾಠಿ ಹಿಡಿದು ಬರುವವರು ಎದುರುಬದುರಾಗುವ ಸ್ಥಿತಿ ಬಂತು.

ಈ ವಿರೋಧಾಭಾಸ ಸ್ಫೋಟಿಸಿದ್ದು 2001ರ ಜುಲೈನಲ್ಲಿ, ಲಖನೌದಲ್ಲಿ. ಪಾರ್ಕ್ ಒಂದರಲ್ಲಿ ಕಾರ್ಯಾಚರಣೆ ನಡೆಸಿದ ಪೊಲೀಸರು ಅಲ್ಲಿಂದ ಭರೋಸಾ ಟ್ರಸ್ಟ್ ಮತ್ತು ನಾಜ್ ಫೌಂಡೇಶನ್ ಇಂಟರ್‌ನ್ಯಾಷನಲ್ ಕಚೇರಿಗಳಿಗೆ ನುಗ್ಗಿ ಎಚ್‌ಐವಿ ಜಾಗೃತಿ ಕಾರ್ಯಕರ್ತರನ್ನೇ ಬಂಧಿಸಿದರು. ಜಾಗೃತಿ ಸಾಮಗ್ರಿಗಳು ಸಾಕ್ಷ್ಯಗಳಾದವು. ಅವರು ಜಾಮೀನಿನ ಮೇಲೆ ಹೊರಬರಲು ಒಂದೂವರೆ ತಿಂಗಳು ಬೇಕಾಯಿತು. ಅದೇ ವರ್ಷದ ಕೊನೆಗೆ ದೆಹಲಿಯ ನಾಜ್ ಫೌಂಡೇಶನ್ (ಇಂಡಿಯಾ) ಟ್ರಸ್ಟ್ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು. 2009ರ ಜುಲೈ 2ರ ಐತಿಹಾಸಿಕ ತೀರ್ಪು ಬಂದಿದ್ದು ಆ ಅರ್ಜಿಯ ಮೇಲೆ.

ಬಾಗಿಲು ಹಾಕಿಕೊಂಡರೂ ಬಿಡಲಿಲ್ಲ

2000ದ ದಶಕದಲ್ಲಿ ಸೈಬರ್ ಕೆಫೆ, ಚಾಟ್‌ರೂಮ್‌ಗಳು ಬಂದಾಗ ಇನ್ನು ಪಾರ್ಕಿನ ಅಪಾಯ ಬೇಡ ಎಂದು ಹಲವರು ನಿಟ್ಟುಸಿರು ಬಿಟ್ಟರು. ಆದರೆ 2006ರ ಜನವರಿಯಲ್ಲಿ ಮತ್ತೆ ಲಖನೌ ಸುದ್ದಿಯಾಯಿತು. ಮಾನವ ಹಕ್ಕು ಸಂಘಟನೆಗಳ ಪ್ರಕಾರ, ಸಲಿಂಗಿಗಳ ವೆಬ್‌ಸೈಟ್ ಒಂದರಲ್ಲಿ ಪೊಲೀಸರೇ ಸುಳ್ಳು ಗುರುತಿನಲ್ಲಿ ಸೇರಿ, ಒಬ್ಬನನ್ನು ಹಿಡಿದು, ಅವನಿಂದ ಉಳಿದವರಿಗೆ ಕರೆ ಮಾಡಿಸಿ, ನಾಲ್ವರನ್ನು ಬಂಧಿಸಿದರು. ಇಂದಿನ ಗ್ಯಾಂಗ್‌ಗಳು ಆ್ಯಪ್‌ನಲ್ಲಿ ಮಾಡುವುದೂ ಇದನ್ನೇ. ಅವರಿಗಿಂತ ಮೊದಲು ಈ ದಾರಿ ಹಿಡಿದಿದ್ದು ಖಾಕಿ ತೊಟ್ಟವರು.

2010ರಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಮರಾಠಿ ಪ್ರಾಧ್ಯಾಪಕ ಶ್ರೀನಿವಾಸ ರಾಮಚಂದ್ರ ಸಿರಸ್ ಅವರ ಮನೆಗೇ ಕ್ಯಾಮೆರಾ ಹಿಡಿದು ನುಗ್ಗಿದವರು ಅವರ ಖಾಸಗಿ ಕ್ಷಣಗಳನ್ನು ಚಿತ್ರೀಕರಿಸಿದರು. ದೆಹಲಿ ಹೈಕೋರ್ಟ್ ತೀರ್ಪು ಬಂದು ಆಗಿನ್ನೂ ಒಂದು ವರ್ಷ ಆಗಿರಲಿಲ್ಲ. ವಿಶ್ವವಿದ್ಯಾಲಯ ಅಮಾನತು ಮಾಡಿದ್ದು ಮನೆಗೆ ನುಗ್ಗಿದವರನ್ನಲ್ಲ, ಸಿರಸ್ ಅವರನ್ನು. ಅಲಹಾಬಾದ್ ಹೈಕೋರ್ಟ್ ಏಪ್ರಿಲ್ 1ರಂದು ಅಮಾನತಿಗೆ ತಡೆ ಕೊಟ್ಟಿತು. ಅದೇ ತಿಂಗಳ 7ರಂದು ಅವರು ಮನೆಯಲ್ಲಿ ಶವವಾಗಿ ಪತ್ತೆಯಾದರು.

ಮನೆಯೊಳಗಿನ ಬದುಕು ವ್ಯಕ್ತಿಯದೇ ಎಂಬ ತತ್ವಕ್ಕೆ ಗಟ್ಟಿ ನೆಲೆ ಸಿಕ್ಕಿದ್ದು ಏಳು ವರ್ಷಗಳ ನಂತರ. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿಷಯದಲ್ಲಿ ಹೂಡಿದ್ದ ಪ್ರಕರಣದಲ್ಲಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಲೈಂಗಿಕ ಮನೋಧರ್ಮವೂ ಖಾಸಗಿತನದ ಭಾಗ ಎಂದು ಆ ತೀರ್ಪು ಹೇಳಿತು. ಮರುವರ್ಷದ 377 ತೀರ್ಪಿಗೆ ಅದೇ ಬುನಾದಿಯಾಯಿತು.

ಹೋದದ್ದು ಜಾಗ ಮಾತ್ರವಲ್ಲ

ಈ ನಡುವೆ ಹಳೆಯ ಜಾಗಗಳೂ ಬದಲಾದವು. ಸೆಂಟ್ರಲ್ ಪಾರ್ಕ್‌ನ ನೆಲದಡಿ 2005ರಲ್ಲಿ ರಾಜೀವ್ ಚೌಕ್ ಮೆಟ್ರೊ ನಿಲ್ದಾಣ ಬಂತು. ಮೇಲಿನ ಪಾರ್ಕ್ ಹೊಸದಾಗಿ ರೂಪುಗೊಂಡಿತು. ಎಲ್ಲ ನಗರಗಳಲ್ಲೂ ಉದ್ಯಾನಗಳಿಗೆ ಬೇಲಿ, ಗೇಟು, ಸಮಯದ ನಿರ್ಬಂಧ, ಸಿಸಿಟಿವಿ, ಸೆಕ್ಯೂರಿಟಿ ಗಾರ್ಡ್ ಬಂದರು. 2009ರಲ್ಲಿ ಗ್ರೈಂಡರ್ ಆ್ಯಪ್ ಬಿಡುಗಡೆಯಾಯಿತು. ಅಗ್ಗದ ಸ್ಮಾರ್ಟ್‌ಫೋನ್ ಮತ್ತು ಡೇಟಾ ಬಂದ ಮೇಲೆ ಇಂತಹ ಆ್ಯಪ್‌ಗಳು ಸಣ್ಣ ಪಟ್ಟಣಗಳಿಗೂ ಹೋದವು.

ಪಾರ್ಕಿನ ದಿನಗಳೇ ಚೆನ್ನಾಗಿದ್ದವು ಎಂದು ಯಾರೂ ಹೇಳುವಂತಿಲ್ಲ. ಅಲ್ಲಿ ಹೊಡೆತ ತಿಂದವರು, ಉಂಗುರ ಕೊಟ್ಟು ಬಂದವರು ಇದ್ದಾರೆ. ಆದರೆ ಎರಡರ ನಡುವಿನ ವ್ಯತ್ಯಾಸವನ್ನು ಗಮನಿಸಬೇಕು. ಪಾರ್ಕಿನಲ್ಲಿ ಎದುರಿನವನ ಮುಖ ಕಾಣುತ್ತಿತ್ತು. ಅವನನ್ನು ಬಲ್ಲ ಇನ್ನೊಬ್ಬ ಅಲ್ಲೇ ಇರುತ್ತಿದ್ದ. ಸರಿ ಅನ್ನಿಸದಿದ್ದರೆ ಎದ್ದು ಹೋಗಲು ದಾರಿ ಇತ್ತು. ಆ್ಯಪ್‌ನಲ್ಲಿ ಫೋಟೊ ಯಾರದ್ದೋ, ಹೆಸರು ಯಾವುದೋ. ಅವನ ಹಿಂದಿನ ನಡತೆ ಬಲ್ಲವರು ಯಾರೂ ಪಕ್ಕದಲ್ಲಿಲ್ಲ. ಭೇಟಿ ನಡೆಯುವುದು ಬಾಗಿಲು ಮುಚ್ಚಿದ ಕೋಣೆಯಲ್ಲಿ, ಅದೂ ಎದುರಿನವನು ಆರಿಸಿದ ಜಾಗದಲ್ಲಿ. ಒಬ್ಬ ಮೋಸ ಹೋದರೆ ಆ ಮಾಹಿತಿ ಮುಂದಿನವನಿಗೆ ತಲುಪುವುದಿಲ್ಲ. ಖಾತೆ ಅಳಿಸಿ ಹೊಸ ಹೆಸರಲ್ಲಿ ಬರಲು ಐದು ನಿಮಿಷ ಸಾಕು.

ಸಂಕೇತಗಳ ಮೂರು ಕೆಲಸಗಳಲ್ಲಿ ಮೊದಲನೆಯದನ್ನು, ಅಂದರೆ ಗುರುತಿಸುವುದನ್ನು, ಆ್ಯಪ್ ಅತಿ ಸುಲಭ ಮಾಡಿದೆ. ಎರಡನೆಯದನ್ನು ಕಿತ್ತುಕೊಂಡಿದೆ. ಟೈಮ್ ಕೇಳಿದವನು ಜಾರಿಕೊಳ್ಳಬಹುದಿತ್ತು, ಚಾಟ್‌ನ ಸ್ಕ್ರೀನ್‌ಶಾಟ್‌ನಿಂದ ಜಾರಿಕೊಳ್ಳಲಾಗದು. ಮೂರನೆಯದಾದ ಎಚ್ಚರಿಕೆಯ ಜಾಲವಂತೂ ಹರಿದುಹೋಗಿದೆ.

ಕಾನೂನಿನಲ್ಲಿ ಉಳಿದ ಬಿರುಕುಗಳು

377 ಹೋದ ಮೇಲೆ ಬ್ಲ್ಯಾಕ್‌ಮೇಲ್ ಮಾಡುವವನು 'ಜೈಲಿಗೆ ಹಾಕಿಸುತ್ತೇನೆ' ಎನ್ನುವಂತಿಲ್ಲ. ಈಗ ಅವನ ಬಂಡವಾಳ ಮನೆ, ಆಫೀಸು, ನಿಶ್ಚಯವಾದ ಮದುವೆ, ಬಾಡಿಗೆ ಮನೆಯ ಮಾಲೀಕ. ಇದಕ್ಕೆ ಕೋರ್ಟ್ ತೀರ್ಪೊಂದೇ ಮದ್ದಲ್ಲ. ಆದರೆ ಕಾನೂನು ಮಾಡಬಹುದಾದ, ಮಾಡದೆ ಉಳಿದ ಕೆಲಸಗಳೂ ಇವೆ.

ಮೊದಲನೆಯದು ಲೈಂಗಿಕ ದೌರ್ಜನ್ಯದ ವಿಷಯ. 2018ರ ತೀರ್ಪು 377ನ್ನು ಪೂರ್ತಿ ತೆಗೆದಿರಲಿಲ್ಲ. ಸಮ್ಮತಿಯಿಲ್ಲದ ಕೃತ್ಯಕ್ಕೆ ಅದು ಉಳಿದಿತ್ತು. ಪುರುಷನ ಮೇಲೆ ಅತ್ಯಾಚಾರ ನಡೆದರೆ ಬಳಸಬಹುದಾಗಿದ್ದ ಮುಖ್ಯ ಕಲಮು ಅದೇ. ನ್ಯಾಯ ಸಂಹಿತೆ ಅದನ್ನು ಸಂಪೂರ್ಣ ಕೈಬಿಟ್ಟಿತು. ಅತ್ಯಾಚಾರದ ವ್ಯಾಖ್ಯೆ ಇರುವ 63ನೇ ಸೆಕ್ಷನ್ ಮಹಿಳೆಯರಿಗಷ್ಟೇ ಅನ್ವಯ. ಸಮ್ಮತಿಯಿಲ್ಲದ ಕೃತ್ಯಗಳಿಗೆ ಕಲಮು ಉಳಿಸಿಕೊಳ್ಳಿ ಎಂದು ಗೃಹ ವ್ಯವಹಾರಗಳ ಸಂಸದೀಯ ಸ್ಥಾಯಿ ಸಮಿತಿ 2023ರಲ್ಲೇ ಶಿಫಾರಸು ಮಾಡಿತ್ತು. 2024ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ಈ ಬಗ್ಗೆ ಶೀಘ್ರ ನಿರ್ಧಾರ ಕೈಗೊಳ್ಳುವಂತೆ ಕೇಂದ್ರಕ್ಕೆ ಸೂಚಿಸಿತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಇದು ಸಂಸತ್ತಿನ ಕೆಲಸ ಎಂದು ಹೇಳಿ ಅರ್ಜಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಆ್ಯಪ್ ಮೂಲಕ ಕರೆಸಿ ದೌರ್ಜನ್ಯ ಎಸಗಿದರೆ ಹಲ್ಲೆ, ಅಕ್ರಮ ಬಂಧನ, ಸುಲಿಗೆಯ ಕೇಸು ಹಾಕಬಹುದು. ನಡೆದಿದ್ದನ್ನು ಅದರ ಹೆಸರಿನಿಂದ ಕರೆಯುವ ಕಲಮು ಇಲ್ಲ.

ಎರಡನೆಯದು ಗುರುತಿನ ರಕ್ಷಣೆ. ಅತ್ಯಾಚಾರ ಸಂತ್ರಸ್ತೆಯ ಹೆಸರು ಬಹಿರಂಗಪಡಿಸುವುದನ್ನು ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಅಪರಾಧ ಎನ್ನುತ್ತದೆ. ಆದರೆ ಅದು 64ರಿಂದ 71ರವರೆಗಿನ ಕಲಮುಗಳಿಗೆ ಸೀಮಿತ. 308ನೇ ಸೆಕ್ಷನ್‌ನಡಿ ಸುಲಿಗೆ ದೂರು ಕೊಟ್ಟ ಸಲಿಂಗಿ ಪುರುಷನ ಹೆಸರಿಗೆ ಆ ರಕ್ಷಣೆ ಇಲ್ಲ. ಎಫ್‌ಐಆರ್‌ನಲ್ಲಿ ಹೆಸರು ಬಂತೆಂದರೆ ಬ್ಲ್ಯಾಕ್‌ಮೇಲ್ ಮಾಡುವವನು ಹೆದರಿಸಿದ್ದು ಠಾಣೆಯಿಂದಲೇ ನಡೆದುಹೋಗಬಹುದು. ದೂರು ಕೊಡದೆ ಸುಮ್ಮನಾಗುವವರ ಲೆಕ್ಕಾಚಾರ ಇದು.

ಮೂರನೆಯದು ಡೇಟಾ. 2011ರ ಐಟಿ ನಿಯಮಗಳು ಲೈಂಗಿಕ ಮನೋಧರ್ಮದ ಮಾಹಿತಿಯನ್ನು 'ಸೂಕ್ಷ್ಮ' ಎಂದು ಪ್ರತ್ಯೇಕವಾಗಿ ಗುರುತಿಸಿದ್ದವು. 2019ರ ಮಸೂದೆಯಲ್ಲೂ ಅದು ಇತ್ತು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಇಂತಹ ಪ್ರತ್ಯೇಕ ವರ್ಗವೇ ಇಲ್ಲ. ಒಬ್ಬನ ಫೋನ್ ನಂಬರ್ ಮತ್ತು ಅವನ ಲೈಂಗಿಕ ಒಲವು, ಕಾಯ್ದೆಯ ಕಣ್ಣಿಗೆ ಎರಡೂ ಒಂದೇ ದರ್ಜೆಯ ಮಾಹಿತಿ. ಬಳಕೆದಾರರ ಮಾಹಿತಿಯನ್ನು ಜಾಹೀರಾತು ಕಂಪನಿಗಳಿಗೆ ಕೊಟ್ಟಿದ್ದಕ್ಕೆ ನಾರ್ವೆಯ ಡೇಟಾ ಪ್ರಾಧಿಕಾರ 2021ರಲ್ಲಿ ಗ್ರೈಂಡರ್‌ಗೆ 6.5 ಕೋಟಿ ಕ್ರೋನರ್ ದಂಡ ಹಾಕಿತ್ತು.

ಚೆನ್ನೈ ತೋರಿಸಿದ ಒಂದು ದಾರಿ

ಬದಲಾವಣೆ ಸಾಧ್ಯವೇ ಇಲ್ಲ ಎನ್ನುವಂತಿಲ್ಲ. 2021ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್‌ನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್, ಮನೆಯವರಿಂದ ತೊಂದರೆಗೊಳಗಾದ ಯುವತಿಯರಿಬ್ಬರ ಪ್ರಕರಣದಲ್ಲಿ ವಿಸ್ತೃತ ನಿರ್ದೇಶನಗಳನ್ನು ಕೊಟ್ಟರು. ಅದರ ಮುಂದುವರಿಕೆಯಾಗಿ 2022ರಲ್ಲಿ ತಮಿಳುನಾಡು ಸರ್ಕಾರ ಪೊಲೀಸರ ನಡತೆ ನಿಯಮಗಳಿಗೆ ತಿದ್ದುಪಡಿ ತಂದು, ಈ ಸಮುದಾಯದವರಿಗೆ ಕಿರುಕುಳ ಕೊಡುವಂತಿಲ್ಲ ಎಂದು ಬರೆಯಿತು. ಗೌರವದಿಂದ ಕರೆಯಲು ಯಾವ ಪದ ಬಳಸಬೇಕು ಎಂಬ ತಮಿಳು ಪದಕೋಶವನ್ನೂ ಹೊರತಂದಿತು. ಪೇದೆಯ ನಡತೆಗೆ ನಿಯಮ ಬಂದರೆ ಠಾಣೆಯ ಮೆಟ್ಟಿಲು ಹತ್ತುವವನ ಭಯ ಒಂದಿಷ್ಟಾದರೂ ಕಡಿಮೆಯಾಗುತ್ತದೆ.

ಕೇಂದ್ರದ ಮಟ್ಟದಲ್ಲಿ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲಿಲ್ಲ. ಮರುಪರಿಶೀಲನಾ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು. ತೀರ್ಪಿನ ನಂತರ ರಚನೆಯಾದ ಸಮಿತಿಯ ಹಿನ್ನೆಲೆಯಲ್ಲಿ ಸರ್ಕಾರ ಜಂಟಿ ಬ್ಯಾಂಕ್ ಖಾತೆ, ಪಡಿತರ ಚೀಟಿಯಂತಹ ಕೆಲವು ವಿಷಯಗಳಲ್ಲಿ ಸ್ಪಷ್ಟೀಕರಣ ಕೊಟ್ಟಿದೆ. ಒಟ್ಟಿಗೆ ಬಾಳುವವರಿಗೆ ಅದರಿಂದ ಪ್ರಯೋಜನವಿದೆ. ಇನ್ನೂ ಯಾರಿಗೂ ಹೇಳಿಕೊಳ್ಳದೆ, ಪರ ಊರಿನ ಪಿಜಿಯಲ್ಲಿ ಒಂಟಿಯಾಗಿ ಫೋನ್ ನೋಡುತ್ತಾ ಕೂತವನಿಗೆ ಅದು ತಲುಪುವುದಿಲ್ಲ.

ಕನ್ನಡದಲ್ಲಿ ವಸುಧೇಂದ್ರ ಅವರ 'ಮೋಹನಸ್ವಾಮಿ' ಕಥಾಸಂಕಲನ 2013ರಲ್ಲಿ ಬಂದಾಗ, ಆವರೆಗೆ ಪಿಸುಮಾತಿನಲ್ಲಿದ್ದ ಈ ಬದುಕು ಕನ್ನಡದ ಓದುಗರ ಮನೆಯೊಳಗೆ ಬಂತು. ಬ್ಲ್ಯಾಕ್‌ಮೇಲ್‌ನ ಬಲ ಗುಟ್ಟಿನಲ್ಲಿದೆ. ಮನೆಯಲ್ಲಿ ಒಬ್ಬರಿಗಾದರೂ ವಿಷಯ ಗೊತ್ತಿದ್ದವನನ್ನು ಹೆದರಿಸುವುದು ಕಷ್ಟ. ಒಬ್ಬ ಅಕ್ಕ, ಒಬ್ಬ ರೂಮ್‌ಮೇಟ್, ಆಫೀಸಿನ ಒಬ್ಬ ಗೆಳೆಯ ಸಾಕು. ಹಿಂದೆ ಪಾರ್ಕಿನ ಹಳಬರು ಮಾಡುತ್ತಿದ್ದ ಕೆಲಸವನ್ನು ಈಗ ಮಾಡಬೇಕಾದವರು ಇವರೇ. ಎಲ್ಲಿಗೆ ಹೋಗುತ್ತಿದ್ದೇನೆ ಎಂದು ಒಬ್ಬರಿಗೆ ಹೇಳಿ ಹೋಗುವುದು, ಮೊದಲ ಭೇಟಿಯನ್ನು ಜನರಿರುವ ಜಾಗದಲ್ಲಿ ಇಟ್ಟುಕೊಳ್ಳುವುದು, ಅದಕ್ಕೂ ಮೊದಲು ವಿಡಿಯೊ ಕಾಲ್‌ನಲ್ಲಿ ಮುಖ ನೋಡುವುದು ಹಳೆಯ ಎಚ್ಚರಿಕೆಯ ಹೊಸ ರೂಪಗಳು.

ಈಗಾಗಲೇ ಬಲೆಗೆ ಬಿದ್ದವರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಸಮ್ಮತಿಯ ಸಂಬಂಧ ಅಪರಾಧವಲ್ಲ, ಸುಲಿಗೆ ಅಪರಾಧ. ಚಾಟ್, ಕರೆಯ ವಿವರ, ಹಣ ವರ್ಗಾವಣೆಯ ದಾಖಲೆಯನ್ನು ಅಳಿಸಬಾರದು. ಆನ್‌ಲೈನ್‌ನಲ್ಲಿ ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಘಟನೆ ಎಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ದೂರು ಕೊಡಬಹುದು. ತನ್ನ ಏರಿಯಾದ ಠಾಣೆಗೇ ಹೋಗಬೇಕೆಂದಿಲ್ಲ. ಕಾನೂನು ನೆರವಿಗೆ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ 15100 ಸಹಾಯವಾಣಿ ಇದೆ. ಒಮ್ಮೆ ಹಣ ಕೊಟ್ಟರೆ ಬೇಡಿಕೆ ನಿಲ್ಲುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ.

ಪುರುಷ ಸಂತ್ರಸ್ತರ ಕಲಮಿನ ಬಗ್ಗೆ ಸಂಸತ್ತು ಏನು ಮಾಡುತ್ತದೆ, ತಮಿಳುನಾಡಿನಂತಹ ಪೊಲೀಸ್ ನಿಯಮವನ್ನು ಉಳಿದ ರಾಜ್ಯಗಳು ತರುತ್ತವೆಯೇ, ದೂರುದಾರನ ಹೆಸರು ಗುಟ್ಟಾಗಿಡಲು ವ್ಯವಸ್ಥೆ ಆಗುತ್ತದೆಯೇ ಎಂಬುದು ಮುಂದೆ ಗಮನಿಸಬೇಕಾದ ಸಂಗತಿಗಳು. ಇವು ಮೂರೂ ದೊಡ್ಡ ಸಾಂವಿಧಾನಿಕ ಪ್ರಶ್ನೆಗಳಲ್ಲ, ಆಡಳಿತದ ಕೆಲಸಗಳು. ಅವು ಆಗುವವರೆಗೆ ಬೆದರಿಕೆಯ ಕರೆ ಬಂದಾಗ ಹಣ ಕೊಟ್ಟು ಸುಮ್ಮನಾಗುವುದೇ ಸುರಕ್ಷಿತ ಎಂದು ಲೆಕ್ಕ ಹಾಕುವವರು ಇದ್ದೇ ಇರುತ್ತಾರೆ.